ಖಾಜಾನ ಕಸಬರಿಗೆ ಮತ್ತು ನನ್ನ ಎಂ.ಟೆಕ್

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಂಧನೂರಿನಿಂದ ಫೋನ್ ಮಾಡಿದ್ದಳು. ಆಟೋಮೊಬೈಲ್ ಇಂಜಿನಿಯರಿಂಗಿನಲ್ಲಿ ಎಂ.ಟೆಕ್ ಸೀಟು ಸಿಕ್ಕಿದೆಯಂತೆ. "ಮೇಡಂ, ಹೋಗೂಕಿಂತ ಮೊದ್ಲ ಯಾವ್ಯಾವ ಪುಸ್ತಕ ಓದ್ಲಿ ಹೇಳ್ರಿ" ಅಂದಳು. "ಪುಸ್ತಕ ಅಲ್ಲೇ ಸಿಗ್ತಾವ ತಗೋ. ನೀ ಎರಡು ಹಳೆ ಸೀರಿ ಇಟ್ಕೊಂಡು ಹೋಗು" ಅಂದೆ. ಪಕಪಕ ನಕ್ಕಳು. ರಿಟೈರ್ ಆದ ಮೇಲೆ ಮೇಡಮ್ಮಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಏನೂ ಕೆಟ್ಟಿಲ್ಲ. ನನ್ನ ಎಂ.ಟೆಕ್ ಅರ್ಧ ನಡೆದದ್ದು ಕಲಬುರಗಿಯ ಕ್ಲಾಸಿನಲ್ಲಿ, ಇನ್ನರ್ಧ ನಡೆದದ್ದು ತುರ್ವಿಹಾಳದ ನೆಲ್ಲಿನ ಗದ್ದೆಯಲ್ಲಿ, ತಲೆಗೂ ಮೂಗಿಗೂ ಹಳೆ ಸೀರೆ ಸುತ್ತಿಕೊಂಡು. ಆ ಕಥೆಯನ್ನು ಅವಳಂಥವರಿಗಾಗಿ ಬರೆದಿಡುತ್ತಿದ್ದೇನೆ. ನಾನು ಯಾವಾಗ ಹೆಡ್ ಆದೆ, ಯಾವಾಗ ಹಾರ ಹಾಕಿಸಿಕೊಂಡು ಮನೆಗೆ ಬಂದೆ ಅನ್ನುವುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ನಾನು ಅಮರಮ್ಮ. ಹುಟ್ಟಿದ್ದು ಪಾಮನಕಲ್ಲೂರು, ಕೊಟ್ಟದ್ದು ಮಸ್ಕಿಗೆ. ನಮ್ಮ ಮನೆಯವರದು ಮಸ್ಕಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಲಿಂಗಸುಗೂರಿಗೆ ಹೋಗಿ, ಅಲ್ಲಿಯ ಒಂದು ಡಿಪ್ಲೊಮಾ ಕಾಲೇಜಿನ ಆಟೋಮೊಬೈಲ್ ವಿಭಾಗದಲ್ಲಿ ಪಾಠ ಹೇಳುತ್ತಿದ್ದೆ. ಮೊದಮೊದಲು ಹೆಣ್ಣುಮಗಳು ಗೇರ್‌ಬಾಕ್ಸ್ ಬಿಚ್ಚುತ್ತಾಳೆ ಅಂತ ಬೇರೆ ವಿಭಾಗದವರೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. "ಒಳಗ ಬರ್ರಿ, ನಟ್ಟು ಬಿಚ್ಚೂ ಪಾನಾ ಹಿಡ್ಕೊಳ್ರಿ" ಅಂದರೆ ಒಬ್ಬರೂ ಬರುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು.

ನನಗೆ ನಲವತ್ತೆರಡು ತುಂಬಿದ ವರ್ಷ ತಪಾಸಣೆಗೆ ಬಂದವರು ಒಂದು ಮಾತು ಹೇಳಿ ಹೋದರು. ವಿಭಾಗದಲ್ಲಿ ಆಟೋಮೊಬೈಲ್ ಎಂ.ಟೆಕ್ ಮಾಡಿದವರು ಒಬ್ಬರಾದರೂ ಇರಬೇಕು, ಎರಡು ವರ್ಷದೊಳಗೆ ಆಗದಿದ್ದರೆ ವಿಭಾಗಕ್ಕೆ ಹೊಸಬರ ಪ್ರವೇಶ ಬಂದ್. ಇದ್ದದ್ದು ನಾವು ಮೂವರು. ಒಬ್ಬರಿಗೆ ರಿಟೈರ್‌ಮೆಂಟ್ ಹತ್ತಿರ, ಇನ್ನೊಬ್ಬರು ಬೇರೆ ಕಡೆ ಕೆಲಸ ಹುಡುಕುತ್ತಿದ್ದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಬೀಗದ ಕೈ ಮೇಜಿನ ಮೇಲಿಟ್ಟರು. "ಮೇಡಂ, ಇದು ನಿಮ್ಮ ವರ್ಕ್‌ಶಾಪಿನ ಇನ್ನೊಂದು ಕೀಲಿ. ನೀವು ಪಾಸಾಗಿ ಬಂದ್ರ ತೆರೆದಿರ್ತದ. ಇಲ್ಲಂದ್ರ ಜಡಿಯೂದ" ಅಂದರು. ಮನುಷ್ಯ ಒಳ್ಳೆಯವರೇ, ಮಾತು ಮಾತ್ರ ಯಾವಾಗಲೂ ಹಾಗೆ. ನಮ್ಮ ವಿಭಾಗ ಮುಚ್ಚಿದರೆ ಮಸ್ಕಿ, ಸಿಂಧನೂರು ಕಡೆಯ ಮಕ್ಕಳು ಈ ವಿದ್ಯೆಗೆ ಎಲ್ಲಿಗೆ ಹೋಗಬೇಕು? ಅದರಲ್ಲೂ ಹೆಣ್ಣುಮಕ್ಕಳನ್ನು ದೂರ ಯಾರು ಕಳಿಸುತ್ತಾರೆ? ನಾನು ಕೀಲಿಯನ್ನೇ ಎತ್ತಿ ಪರ್ಸಿಗೆ ಹಾಕಿಕೊಂಡು ಬಂದೆ. ಎರಡು ವರ್ಷ ಅದು ನನ್ನ ಹತ್ತಿರವೇ ಇತ್ತು.

ಕಲಬುರಗಿಯ ಕಾಲೇಜಿನಲ್ಲಿ ಮೊದಲ ದಿನ ನಾನು ಕ್ಲಾಸಿನೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಧಡಕ್ಕನೆ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದರು. ನಾನೂ ಚಟಕ್ಕೆ "ಕೂಡ್ರಿ" ಅಂದುಬಿಟ್ಟೆ. ಆಮೇಲೆ ಹೋಗಿ ಅವರ ಪಕ್ಕದ ಬೆಂಚಿನಲ್ಲಿ ಕೂತಾಗ ಅವರ ಮುಖ ನೋಡಬೇಕಿತ್ತು! ಗಣಿತ ನನ್ನನ್ನು ಅಳಿಸಿತು, ಕಂಪ್ಯೂಟರ್ ಅದಕ್ಕಿಂತ ಹೆಚ್ಚು ಅಳಿಸಿತು. ಆದರೆ ಎಂಜಿನ್ ಲ್ಯಾಬಿನಲ್ಲಿ ನನ್ನ ಸುತ್ತ ಸಂತೆ ಸೇರುತ್ತಿತ್ತು. ಡಿಸೈನ್ ಬಾಯಿಪಾಠ ಇದ್ದವರಿಗೆ ಫ್ಯಾನ್ ಬೆಲ್ಟ್ ಎಷ್ಟು ಬಿಗಿ ಇರಬೇಕು ಅಂತ ಬೆರಳಲ್ಲಿ ಒತ್ತಿ ನೋಡಿ ಹೇಳಲು ಬರುತ್ತಿರಲಿಲ್ಲ. ನಾನು ಅದನ್ನು ಕಲಿಸಿದೆ, ಅವರು ನನಗೆ ಕಂಪ್ಯೂಟರ್ ಕಲಿಸಿದರು.

ಎರಡನೇ ವರ್ಷ ಪ್ರಾಜೆಕ್ಟ್. ಉಳಿದವರೆಲ್ಲ ರೇಸ್ ಕಾರು, ಬ್ಯಾಟರಿ ಕಾರು ಅಂತ ಬರೆದುಕೊಟ್ಟರು. ನಾನು ಬರೆದದ್ದು ನೆಲ್ಲು ಕೊಯ್ಯುವ ಹಾರ್ವೆಸ್ಟರ್ ಬಿಸಿಯಾಗುವ ಬಗ್ಗೆ. ನಮ್ಮ ಕಡೆ ಕಾಲುವೆ ನೀರಿನ ಗದ್ದೆಗಳಲ್ಲಿ ಸುಗ್ಗಿ ಬಂತೆಂದರೆ ಈ ಮಷಿನ್ನುಗಳದ್ದೇ ಸದ್ದು. ಎಂಜಿನ್ ತಂಪಾಗಿಡುವ ರೇಡಿಯೇಟರಿನ ಮುಂದೆ ಒಂದು ಜಾಲರಿ ಇರುತ್ತದೆ. ಫ್ಯಾನು ಗಾಳಿಯನ್ನು ಒಳಗೆ ಎಳೆದಂತೆ ಹೊಟ್ಟು, ಧೂಳು ಬಂದು ಜಾಲರಿಗೆ ಮೆತ್ತಿಕೊಳ್ಳುತ್ತದೆ. ಗಾಳಿ ನಿಂತು ಎಂಜಿನ್ ಕುದಿಯುತ್ತದೆ, ಮಷಿನ್ ಗದ್ದೆಯ ನಡುವೆ ಕೂತುಬಿಡುತ್ತದೆ. ಹೊಟ್ಟು ಜಾರಿ ಕೆಳಗೆ ಬೀಳುವಂಥ ಓರೆ ಜಾಲರಿ ಮಾಡಬೇಕೆಂಬುದು ನನ್ನ ಯೋಚನೆ.

ನನ್ನ ಗೈಡ್ ಕುಲಕರ್ಣಿ ಸರ್. ತೆಳ್ಳಗೆ, ಬೆಳ್ಳಗೆ, ನಗುವುದೆಂದರೆ ಆಗದು. ನಾನು ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಮಾಡಿದ ಲೆಕ್ಕಾಚಾರವನ್ನು ಎರಡು ನಿಮಿಷ ನೋಡಿ, "ಹೊಟ್ಟು ಅಂದ್ರ ಮರಳಿನಂಗ ಉರುಳ್ತದ ಅಂತ ಹಾಕೀರಲ್ಲ, ಯಾರು ಹೇಳಿದ್ರು?" ಅಂದರು. ಮುಂದಿನ ಸೋಮವಾರ ತುರ್ವಿಹಾಳದಿಂದ ಒಂದು ಚೀಲ ಹೊಟ್ಟು ತಂದು ಅವರ ಮೇಜಿನ ಮೇಲೆ ಸುರಿದೆ. ಸರ್ ಮಧ್ಯಾಹ್ನದ ತನಕ ಸೀನಿದರು. ಆದರೆ ಭೂತಗನ್ನಡಿ ಹಿಡಿದು ನೋಡಿದರು, ಹೊಟ್ಟಿನ ಮೈಮೇಲೆಲ್ಲ ಮುಳ್ಳಿನಂಥ ಸಣ್ಣ ಕೂದಲು. "ಇದು ಉರುಳಂಗಿಲ್ರೀ, ಅಂಟ್ಕೊಂಡು ಕೂಡ್ತದ. ನಿಮ್ಮ ಕಂಪ್ಯೂಟರ್ ಬಂದ್ ಮಾಡ್ರಿ, ಗದ್ದಿಗಿ ಹೋಗ್ರಿ" ಅಂದರು. ಅಂದಿನಿಂದ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು.

ಗದ್ದೆಯಲ್ಲಿ ಸಿಕ್ಕವನು ಖಾಜಾಹುಸೇನ. ತುರ್ವಿಹಾಳದವನು, ಮೂವತ್ತೈದರ ಆಸುಪಾಸು, ಹಾರ್ವೆಸ್ಟರ್ ಓಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಮ್ಮ ಮನೆಯವರ ಅಂಗಡಿಗೆ ಬೆಲ್ಟು, ಬೇರಿಂಗು ಒಯ್ಯಲು ಬರುತ್ತಿದ್ದ, ಆ ಪರಿಚಯ. ಮಾಲೀಕರನ್ನು ಒಪ್ಪಿಸಿ ನನ್ನ ಹೊಸ ಜಾಲರಿಯನ್ನು ತನ್ನ ಮಷಿನ್ನಿಗೆ ಕೂಡಿಸಿಕೊಂಡ. ಮೊದಲನೇ ದಿನ ನಾನು ಅವನಿಗೆ ಎಲ್ಲ ವಿವರಿಸಿದೆ. ಶಾಖ ಅಳೆಯುವ ವೈರುಗಳನ್ನು ಎಂಜಿನ್ನಿಗೆ ಸುತ್ತಿದ್ದೇನೆ, ತಾಸಿಗೊಮ್ಮೆ ಈ ಒಡ್ಡಿನ ಹತ್ತಿರ ಬಂದು ನಿಲ್ಲಿಸು, ನಾನು ಬರೆದುಕೊಳ್ಳುತ್ತೇನೆ ಅಂತ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? "ಖಾಜಾ, ಮೀಟರಿನ್ಯಾಗ ಬಿಸಿ ಮುಳ್ಳು ಕೆಂಪಿಗೆ ಹೋತಂದ್ರ ನನ್ನ ಕಥಿ ಮುಗೀತು ನೋಡು. ನಾ ಫೇಲು, ಲಿಂಗಸುಗೂರಾಗ ನಮ್ಮ ವಿಭಾಗಕ್ಕ ಬೀಗ" ಅಂದೆ.

ಅವನು ಗಂಭೀರವಾಗಿ ತಲೆಯಾಡಿಸಿ, "ಹೋಗಂಗಿಲ್ರೀ ಅಕ್ಕಾರ" ಅಂದ.

ಹೋಗಲೂ ಇಲ್ಲ! ಮೂರು ವಾರ ನಾನು ಒಡ್ಡಿನ ಮೇಲೆ ಕೂತು ಬರೆದೇ ಬರೆದೆ. ಮುಳ್ಳು ಹಸಿರಿನಿಂದ ಅಲುಗಲಿಲ್ಲ. ಪಕ್ಕದ ಗದ್ದೆಯ ಮಷಿನ್ನುಗಳು ನಿಂತು ಹೊಗೆಯಾಡುತ್ತಿದ್ದರೆ ನಮ್ಮದು ತಣ್ಣಗೆ ಓಡಾಡುತ್ತಿತ್ತು. ನನಗೆ ಭೂಮಿ ಮೇಲೆ ಕಾಲೇ ನಿಲ್ಲಲಿಲ್ಲ. ಮಸ್ಕಿಯ ಅಂಗಡಿಗೆ ಬಂದವರಿಗೆಲ್ಲ ನಮ್ಮ ಮನೆಯವರು, "ನಮ್ಮಕಿ ಜಾಲರಿ ಮಾಡ್ಯಾಳ, ಎಂಜಿನ್ನು ಐಸ್ ಆಗೇತಿ" ಅಂತ ಹೇಳಿದ್ದೇ ಹೇಳಿದ್ದು. ವರದಿ ಟೈಪಾಯಿತು, ಬೈಂಡಿಂಗಿಗೂ ಕೊಟ್ಟೆ. ಒಪ್ಪಿಸಲು ಇನ್ನೂ ಹನ್ನೆರಡು ದಿನ ಇತ್ತು.

ವೈರುಗಳನ್ನು ಬಿಚ್ಚಿಕೊಂಡು ಬರಲು ಕೊನೆಯದಾಗಿ ಗದ್ದೆಗೆ ಹೋದೆ. ಮಷಿನ್ ತಿರುಗಲಾರದ ಮೂಲೆಗಳಲ್ಲಿ ಕುಡುಗೋಲಿನಿಂದ ನೆಲ್ಲು ಕೊಯ್ಯುವ ಹೆಂಗಸರ ಗುಂಪಿನಲ್ಲಿ ಹುಲಿಗೆಮ್ಮ ಅಂತ ಒಬ್ಬಳಿದ್ದಳು. ಬುತ್ತಿ ಬಿಚ್ಚಿ ಕೂತಾಗ ನನ್ನನ್ನೂ ಕರೆದಳು. ರೊಟ್ಟಿ ಕೈಗಿಡುತ್ತಾ, "ಅಲ್ರೀ ಅಕ್ಕಾರ, ಈ ಮಷಿನ್ನಿಗೆ ತಾಸಿಗೊಮ್ಮೆ ಮಾರಿ ತೊಳಿಸ್ಬೇಕನ್ರೀ? ನಾವು ನಮ್ಮ ಮಕ್ಕಳಿಗೂ ಇಷ್ಟು ಮಾಡಂಗಿಲ್ಲ" ಅಂದಳು.

"ಯಾರು ತೊಳಸ್ತಾರ?"

"ಖಾಜಾರೀ. ನೀವು ಈ ಕಡಿ ಕುಂತಿರ್ತೀರಿ. ಅಂವ ಆ ಕಡಿ ಒಡ್ಡಿಗಿ ಹೋಗಿ, ಇಳದು, ಕಸಬರಿಗಿಲೆ ಜಾಲರಿ ಬಸಬಸ ಉಜ್ಜಿ, ಆಮ್ಯಾಲ ನಿಮ್ಮ ಕಡಿ ಬರ್ತಾನ."

ರೊಟ್ಟಿಯನ್ನು ಬುತ್ತಿಯಲ್ಲೇ ಇಟ್ಟೆ. ಎದ್ದು ಹೋಗಿ ಮಷಿನ್ ಹತ್ತಿದೆ. ಸೀಟಿನ ಹಿಂದೆ ಈಚಲ ಕಸಬರಿಗೆ ಸವೆದು ಗೇಣುದ್ದ ಉಳಿದಿತ್ತು. ಖಾಜಾ ತಲೆ ತಗ್ಗಿಸಿ ನಿಂತ.

"ಏನಲೇ ಇದು?"

"ಯಾ ಅಲ್ಲಾ, ಹೇಳಿಬಿಟ್ಳೇನ್ರೀ ಅಕಿ? ನೀವ ಅಂದಿದ್ರಿ ಅಕ್ಕಾರ, ಮುಳ್ಳು ಕೆಂಪಿಗಿ ಹೋದ್ರ ನನ್ನ ಕಥಿ ಮುಗೀತು ಅಂತ. ನಾ ಇದ್ದೂ ಹೋಗಾಕ ಹೆಂಗ ಬಿಡ್ಲಿ?"

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಮೂರು ವಾರದ ನನ್ನ ಅಂಕಿಗಳೆಲ್ಲ ಅವನ ಕಸಬರಿಗೆಯವು, ನನ್ನ ಜಾಲರಿಯವಲ್ಲ. ಅವನು "ನಿಮಗ ಛಲೋ ಆಗ್ಲಿ ಅಂತ ಮಾಡಿನ್ರೀ" ಅಂದ, ಅಷ್ಟೇ. ಆಮೇಲೆ ನಾನು ಒಡ್ಡಿನ ಮೇಲೆ ಕೂತು ಅತ್ತೆ. ಅವನ ಮೇಲಿನ ಸಿಟ್ಟಿಗಲ್ಲ. ಅಳತೆ ಮಾಡುವ ಕೆಲಸದಲ್ಲಿ ಏನು ಫಲ ಬರಬೇಕು ಅಂತ ಮಷಿನ್ ನಡೆಸುವವನಿಗೆ ಮೊದಲೇ ಹೇಳಿದ ತಪ್ಪು ನನ್ನದು. ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು!

ಮನೆಗೆ ಬಂದು ಹೇಳಿದೆ. ನಮ್ಮ ಮನೆಯವರು "ಬೈಂಡಿಂಗ್ ಆಗೇತಿ. ಈಗ ಯಾರಿಗೆ ಗೊತ್ತಾಗ್ತೈತಿ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನನ್ನ ಮುಖ ನೋಡಲಾಗದೆ ಅಂದದ್ದು.

"ಹುಲಿಗೆಮ್ಮಗ ಗೊತ್ತೈತಿ" ಅಂದೆ.

ಮರುದಿನ ಕಲಬುರಗಿಗೆ ಹೋಗಿ ಕುಲಕರ್ಣಿ ಸರ್ ಮುಂದೆ ಎಲ್ಲ ಒಪ್ಪಿಸಿದೆ. ಇವತ್ತಿಗೆ ನನ್ನ ಎಂ.ಟೆಕ್ ಮುಗಿಯಿತು ಅಂತ ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಸರ್ ಕನ್ನಡಕ ತೆಗೆದಿಟ್ಟು, ಜೀವನದಲ್ಲಿ ಮೊದಲ ಸಲ ನನ್ನ ಮುಂದೆ ನಕ್ಕರು. ನಗುವುದು ನಿಂತ ಮೇಲೆ, "ಈ ವರದಿ ನಾ ತಗೊಳ್ಳಂಗಿಲ್ಲ. ಆದ್ರ ಇನ್ನೂ ಹನ್ನೊಂದು ದಿನ ಅದ. ನೆಲ್ಲು ಎಲ್ಲೆರೆ ಉಳದದೇನು ನೋಡ್ರಿ. ಈ ಸಲ ಕಸಬರಿಗಿಯನ್ನೂ ಅಳೀರಿ" ಅಂದರು.

ನೆಲ್ಲು ಎಲ್ಲಿ ಉಳಿದಿದೆ? ಸುಗ್ಗಿ ಮುಗಿದು ಗದ್ದೆಗಳೆಲ್ಲ ಬೋಳಾಗಿದ್ದವು. ಖಾಜಾ ತನ್ನ ಮೋಟರ್ ಸೈಕಲ್ಲಿನಲ್ಲಿ ಎರಡು ದಿನ ಕಾಲುವೆಯ ಉದ್ದಕ್ಕೂ ಅಲೆದ. ಮಷಿನ್ನನ್ನು ಬೇರೆ ಕಡೆಗೆ ಕಳಿಸಲು ಲಾರಿ ಗೊತ್ತು ಮಾಡಿದ್ದ ಮಾಲೀಕರ ಕೈಕಾಲು ಹಿಡಿದು ಒಂದು ವಾರ ನಿಲ್ಲಿಸಿದ. ಕೊನೆಗೆ ಸಾಲಗುಂದದಲ್ಲಿ ವೀರನಗೌಡರ ಮೂರು ಎಕರೆ ಸಿಕ್ಕಿತು. ಅವರ ಸಸಿಮಡಿ ಕೆಟ್ಟು ಎರಡನೇ ಸಲ ನಾಟಿ ಮಾಡಿದ್ದರಿಂದ ಪೈರು ಆಗತಾನೇ ಕೊಯ್ಲಿಗೆ ಬಂದಿತ್ತು. ನಾನು ಮಷಿನ್ ಬಿಸಿಯಾಗಲು ಬಿಡಬೇಕು ಅಂದಾಗ ಗೌಡರು ಬಾಯಿ ಬಿಟ್ಟು ನೋಡಿದರು.

"ಏನ್ ತಂಗೀ, ನನ್ನ ನೆಲ್ಲು ಕೊಯ್ಯೂ ಮಷಿನ್ನು ನಡುಗದ್ದ್ಯಾಗ ಕೆಟ್ಟು ನಿಂದರ್ಲಿ ಅಂತೀಯಲ್ಲ! ಮ್ಯಾಲ ಮಾಡ ನೋಡು, ಹೆಂಗ ಕಟ್ಟೇತಿ."

"ಕೆಡಾಕ ಬಿಡಂಗಿಲ್ರೀ ಗೌಡ್ರ. ಮುಳ್ಳು ಕೆಂಪು ಮುಟ್ಟಿದ ಕೂಡ್ಲೆ ನಿಲ್ಲಸ್ತೀನಿ. ಇದು ಆಗ್ಲಿಲ್ಲಂದ್ರ ಲಿಂಗಸುಗೂರಾಗ ನಮ್ಮ ಮಕ್ಕಳ ವರ್ಕ್‌ಶಾಪ್ ಮುಚ್ತಾರ" ಅಂದೆ. ಅವರು ಮೋಡ ನೋಡಿದರು, ನನ್ನನ್ನು ನೋಡಿದರು. "ಎರಡು ಎಕರೆ ಇವತ್ತ ಕೊಯ್ದು ಕೊಡು. ಒಂದು ಎಕರೆ ನಿನ್ನ ಪರೀಕ್ಷಾಕ್ಕ ಬಿಟ್ಟೀನಿ, ನಿನಗ ಹೆಂಗ ಬೇಕೋ ಹಂಗ ಮಾಡ್ಕೋ" ಅಂದರು. ಆ ಮಾತು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಮೊದಲ ಅಳತೆಯನ್ನು ಆ ಎರಡು ಎಕರೆ ಕೊಯ್ಯುತ್ತಲೇ ಮಾಡಿದೆ. ಈ ಸಲ ನಾನು ಒಡ್ಡಿನ ಮೇಲೆ ಕೂರಲಿಲ್ಲ. ಸೀರೆ ಸುತ್ತಿಕೊಂಡು ಖಾಜಾನ ಪಕ್ಕದಲ್ಲೇ ಮಷಿನ್ ಮೇಲೆ ನಿಂತೆ. ಕಸಬರಿಗೆ ನನ್ನ ಕಂಕುಳಲ್ಲಿ. ಅವನ ಪಾಡು ಹೇಳತೀರದು. ಅರ್ಧ ತಾಸಿಗೇ ಚಡಪಡಿಸತೊಡಗಿದ.

"ಅಕ್ಕಾರ, ಉಸುರು ಕಟ್ಟಾಕತ್ತೈತ್ರೀ ಇದಕ್ಕ."

"ಸುಮ್ನ ಓಡ್ಸು."

"ಒಂದ ಸಲ ಉಜ್ಜಿ ಬಿಡ್ತೀನ್ರೀ."

"ಕೈ ಮುರೀತೀನಿ ನೋಡು!"

ಅವನ ಬಾಯಿ ಮುಚ್ಚಿಸಲು, ಅವನು ಉಸಿರು ಕಟ್ಟಿತು ಅಂದಾಗಲೆಲ್ಲ ವಹಿಯ ಅಂಚಿನಲ್ಲಿ ಹೊತ್ತು ಬರೆದು "ಬರದೀನಿ ತಗೋ, ಮುಂದ ನಡಿ" ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮುಳ್ಳು ಏರತೊಡಗಿತು. ನೋಡನೋಡುತ್ತಲೇ ಕೆಂಪು ಮುಟ್ಟಿತು. ನಿಲ್ಲಿಸಿ ಇಳಿದು ನೋಡಿದರೆ ನನ್ನ ಹೆಮ್ಮೆಯ ಓರೆ ಜಾಲರಿ ಹೊಟ್ಟಿನ ಕಂಬಳಿ ಹೊದ್ದು ಕೂತಿತ್ತು. ಮತ್ತೆ ಹಳೆಯ ಜಾಲರಿ ಹಾಕಿ ಓಡಿಸಿದೆವು. ಅದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಕೆಂಪು ಮುಟ್ಟಿತು. ವರ್ಷಪೂರ್ತಿ ನಾನು ತಲೆಗೆ ಹಚ್ಚಿಕೊಂಡಿದ್ದ ಜಾಲರಿ ಏನೂ ಕೆಲಸದ್ದಲ್ಲ. ಅದನ್ನು ನನ್ನ ಕೈಯಾರೆ ಬರೆದುಕೊಂಡೆ. ಆದರೆ ಆ ದಿನದ ಅಂಕಿಗಳು ನನ್ನವಾಗಿದ್ದವು.

ಸಂಜೆ ಫೋನಿನಲ್ಲಿ ಕುಲಕರ್ಣಿ ಸರ್‌ಗೆ ಎಲ್ಲ ಓದಿ ಹೇಳಿದೆ. ಅಂಚಿನಲ್ಲಿ ಬರೆದದ್ದನ್ನೂ ನಗುತ್ತಾ ಹೇಳಿದೆ. ಸರ್ ನಗಲಿಲ್ಲ. "ಆ ಹೊತ್ತು ಮತ್ತೊಮ್ಮೆ ಓದ್ರಿ... ಮುಳ್ಳು ಏರಿದ ಹೊತ್ತು ಓದ್ರಿ" ಅಂದರು. ಓದಿದೆ. ಓದುತ್ತಾ ಓದುತ್ತಾ ನನಗೂ ಹೊಳೆಯಿತು. ಪ್ರತಿ ಸಲವೂ ಖಾಜಾ ಉಸಿರು ಕಟ್ಟಿತು ಅಂದ ಕೆಲವು ನಿಮಿಷಗಳ ಮೇಲೆ ಮುಳ್ಳು ಮೇಲಕ್ಕೆ ಹೋಗಿತ್ತು. ಒಂದು ಸಲವೂ ತಪ್ಪಿರಲಿಲ್ಲ.

ಮುಂದಿನ ನಾಲ್ಕು ದಿನ ಮಸ್ಕಿಯ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಖಾಜಾನೂ ಸೇರಿ ನಾವು ಮೂವರು ಕೂತೆವು. ನಮ್ಮ ಮನೆಯವರು ಹಳೆ ಲಾರಿಯೊಂದರ ವೈಪರ್ ಮೋಟರ್ ಹುಡುಕಿ ತೆಗೆದರು. ಮಳೆಯಲ್ಲಿ ಗಾಜು ಒರೆಸುವ ಆ ಕೈಗೆ ರಬ್ಬರಿನ ಬದಲು ಈಚಲ ಗರಿಯ ಬ್ರಷ್ ಕಟ್ಟಿದೆವು. ಸೀಟಿನ ಪಕ್ಕ ಒಂದು ಸ್ವಿಚ್ಚು. ಖಾಜಾಗೆ ಉಸಿರು ಕಟ್ಟಿದ್ದು ಕೇಳಿಸಿದ ಕೂಡಲೇ ಒತ್ತಬೇಕು, ಇಳಿಯುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ.

ಗೌಡರು ಬಿಟ್ಟಿದ್ದ ಒಂದು ಎಕರೆ ಇನ್ನೂ ನಿಂತೇ ಇತ್ತು. ಅವತ್ತು ಸಾಲಗುಂದದ ಅರ್ಧ ಊರು ಒಡ್ಡಿನ ಮೇಲೆ ಬಂದು ಕೂತಿತ್ತು. ಖಾಜಾ ಬಿಸ್ಮಿಲ್ಲಾ ಅಂದ, ನಾನು ಅಮರೇಶ್ವರನನ್ನು ನೆನೆದೆ. ಮಷಿನ್ ಹೊರಟಿತು. ಅವನು ಕಿವಿಗೊಟ್ಟು ಸ್ವಿಚ್ ಒತ್ತಿದಾಗಲೆಲ್ಲ ಬ್ರಷ್ ಆಚೀಚೆ ಆಡಿ ಹೊಟ್ಟನ್ನು ಉದುರಿಸುತ್ತಿತ್ತು. ಪೂರ್ತಿ ಎಕರೆ ಮುಗಿದರೂ ಮುಳ್ಳು ಹಸಿರು ಬಿಟ್ಟು ಕದಲಲಿಲ್ಲ! ಕೊನೆಯ ಸಾಲು ಕೊಯ್ದು ಒಡ್ಡಿಗೆ ಬಂದಾಗ ಗೌಡರು ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದರು. "ಆತಲ್ಲವಾ ತಂಗೀ, ಆತಲ್ಲ!" ಅಂತ ಕೂಗಿದರು. ನಾನು ಮಷಿನ್ ಮೇಲೆ ನಿಂತೇ ಜೋರಾಗಿ ನಕ್ಕೆ. ಬಾಯಿ ತುಂಬ ಧೂಳು.

ಬೈಂಡ್ ಆಗಿದ್ದ ವರದಿಯನ್ನು ಬದಿಗಿಟ್ಟು ಹೊಸದಾಗಿ ಬರೆದೆ. ಮೊದಲ ಅಧ್ಯಾಯದಲ್ಲಿ ನನ್ನ ಜಾಲರಿ ಸೋತದ್ದು, ಎರಡನೆಯದರಲ್ಲಿ ಮೂರು ವಾರದ ಅಂಕಿಗಳು ಯಾಕೆ ಸುಳ್ಳಾದವು ಅನ್ನುವುದು, ಮೂರನೆಯದರಲ್ಲಿ ಖಾಜಾನ ಕಿವಿ ಮತ್ತು ಬ್ರಷ್. ಕೊನೆಯ ದಿನ, ಆಫೀಸಿನವರು ಎದ್ದು ಹೊರಡುವ ಹೊತ್ತಿಗೆ ಒಪ್ಪಿಸಿದೆ.

ಮೌಖಿಕ ಪರೀಕ್ಷೆಗೆ ಮೈಸೂರು ಕಡೆಯ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ಜಾಲರಿ, ಮೋಟರ್ ಎಲ್ಲ ಭಾರ ಇದ್ದುದರಿಂದ ಖಾಜಾನೇ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ. ಪರೀಕ್ಷಕರು ಎರಡನೇ ಅಧ್ಯಾಯ ತೆರೆದರು. "ನಿಮ್ಮದೇ ತಪ್ಪನ್ನು ಇಷ್ಟು ಪುಟ ಬರೆದಿದ್ದೀರಲ್ಲ, ಯಾಕಮ್ಮ?" ಅಂದರು. "ಸರ್, ನನ್ನ ಹಿಂದೆ ಬರೋ ಮಕ್ಕಳು ಇದೇ ತಪ್ಪು ಮಾಡಬಾರದಲ್ಲ" ಅಂದೆ. ಅವರು ಮತ್ತೇನೂ ಕೇಳದೆ, ಬಾಗಿಲ ಹತ್ತಿರ ನಿಂತಿದ್ದ ಖಾಜಾನನ್ನು ಒಳಗೆ ಕರೆದರು.

"ಉಸಿರು ಕಟ್ತಾ ಇದೆ ಅಂತ ನಿಮಗೆ ಹೇಗಪ್ಪ ಗೊತ್ತಾಗ್ತಿತ್ತು? ಮುಳ್ಳು ಇನ್ನೂ ಅಲ್ಲಾಡಿಯೇ ಇರ್ತಿರಲಿಲ್ವಲ್ಲ?"

"ಫ್ಯಾನಿನ ಸದ್ದು ಬದಲಾಗ್ತೈತ್ರೀ ಸಾಹೇಬ್ರ. ಗಾಳಿ ಸರಳ ಇದ್ರ ಹೂಂ ಅಂತೈತಿ. ಹೊಟ್ಟು ಮೆತ್ತಿದ್ರ ನಮ್ಮ ನೆಗಡಿ ಮೂಗಿನಂಗ ಗೊರ್ ಅಂತೈತಿ. ಮುಳ್ಳಿಗೆ ಅದು ತಡಾಗಿ ತಿಳೀತೈತಿ, ನಮಗ ಲಗೂ ತಿಳೀತೈತಿ."

ಪರೀಕ್ಷಕರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. ಖಾಜಾನ ಕೈ ಹಿಡಿದು ಕುಲುಕಿದರು. ಕುಲಕರ್ಣಿ ಸರ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನಮ್ಮನ್ನು ಹೊರಗೆ ಕಳಿಸಿ, ಮತ್ತೆ ನನ್ನೊಬ್ಬಳನ್ನೇ ಕರೆದು, ಇಬ್ಬರೂ ಎದ್ದು ನಿಂತು ಹೇಳಿದರು, ಪಾಸು, ಅದೂ ಡಿಸ್ಟಿಂಕ್ಷನ್.

ಆಮೇಲಿನದು ನಿಮಗೆ ಗೊತ್ತೇ ಇದೆ. ವರ್ಕ್‌ಶಾಪಿನ ಬೀಗವನ್ನು ಮರಳಿ ಹೋದ ದಿನ ನಾನೇ ತೆರೆದೆ, ನಾನು ರಿಟೈರ್ ಆಗುವ ತನಕ ಅದು ಮುಚ್ಚಲಿಲ್ಲ, ಇವತ್ತಿಗೂ ಮುಚ್ಚಿಲ್ಲ. ಪ್ರತಿ ಹೊಸ ತಂಡಕ್ಕೂ ಮೊದಲ ಪಾಠ ಗೋಡೆಯಲ್ಲಿ ತೂಗುಹಾಕಿದ ಗೇಣುದ್ದದ ಕಸಬರಿಗೆಯಿಂದಲೇ ಶುರು. ಮಷಿನ್ ನಡೆಸುವವನನ್ನು ಕೇಳಿ, ಆದರೆ ನಿಮಗೆ ಯಾವ ಉತ್ತರ ಬೇಕು ಅಂತ ಅವನಿಗೆ ಹೇಳಬೇಡಿ ಅನ್ನುವುದು ಆ ಪಾಠ. ಹೋದ ವಾರ ಫೋನ್ ಮಾಡಿದ ಹುಡುಗಿಯೂ ಅದನ್ನು ಕೇಳಿಯೇ ಹೋದವಳು, ಮರೆತಿರಬೇಕು ಅಷ್ಟೇ.

ಆದರೆ ನನಗೆ ಆ ದಿನದಲ್ಲಿ ಎಲ್ಲಕ್ಕಿಂತ ನೆನಪಿರುವುದು ಫಲಿತಾಂಶ ಕೇಳಿ ಹೊರಗೆ ಬಂದ ಗಳಿಗೆ. ಖಾಜಾ ಕಂಬಕ್ಕೆ ಅಂಟಿಕೊಂಡು, ಬೆವರುತ್ತಾ ನಿಂತಿದ್ದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು. ಎರಡೂ ಕೈ ಎತ್ತಿ, ಬೆರಳು ಅಗಲಿಸಿ ನನಗೆ ತೋರಿಸಿದ.

"ಅಕ್ಕಾರ, ಅಲ್ಲಾನ ಆಣಿ, ಈ ಸಲ ನಾ ಏನೂ ಉಜ್ಜಿಲ್ರೀ. ನೀವ ಪಾಸಾಗೀರಿ."